ಲೀಡರ್ ಮೇಡಂ

ಭದ್ರಾವತಿಯಲ್ಲಿ ಲೀಡರ್ ಅಂದರೆ ಕಾರ್ಖಾನೆ ಗೇಟಿನ ಮುಂದೆ ಮೈಕು ಹಿಡಿದು ನಿಲ್ಲುವವರು ಎಂದೇ ಅರ್ಥ. ಹಾಗಾಗಿ ನಮ್ಮ ಕಾಲೇಜಿನ ಹುಡುಗರು ಕೆಮಿಸ್ಟ್ರಿ ಮೇಡಂಗೆ ‘ಲೀಡರ್ ಮೇಡಂ’ ಎಂದು ಹೆಸರಿಟ್ಟಾಗ ಊರಲ್ಲಿ ಬಹಳ ಜನ ತಪ್ಪು ತಿಳಿದುಕೊಂಡರು. ಒಂದು ದಿನ ಮೇಡಂ ಮತ್ತು ನಾನು ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಆಟೋದಲ್ಲಿ ಹೋಗುತ್ತಿದ್ದಾಗ ಡ್ರೈವರು ಹಿಂದಕ್ಕೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದ.

“ಮೇಡಂ, ನೀವು ಯಾವ ಯೂನಿಯನ್ನು?”

“ನಂದು ದಾರದ ಯೂನಿಯನ್ ಕಣಪ್ಪ” ಎಂದರು ಮೇಡಂ. “ಬಿಡಿ ಎಳೆಗಳನ್ನೆಲ್ಲ ಒಟ್ಟು ಸೇರಿಸೋದು.”

“ಒಳ್ಳೇದು ಮೇಡಂ. ಈಗ ಒಗ್ಗಟ್ಟೇ ಇಲ್ದಂಗಾಗಿದೆ ನೋಡಿ” ಎಂದು ಅವನು ನಿಟ್ಟುಸಿರು ಬಿಟ್ಟ. ಮೇಡಂ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಅವರು ತೀರಿಕೊಂಡದ್ದು ಈ ಸಲದ ಚಳಿ ಶುರುವಾಗುವ ಹೊತ್ತಿಗೆ. ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದರೂ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದೆವು. ಶಿಸ್ತು, ಸರಳತೆ, ಸಮಯಪಾಲನೆ, ಎಲ್ಲ ಮಾತೂ ಬಂತು. ಸಮಯಪಾಲನೆಯ ವಿಷಯ ನನಗೆ ಹೊಸ ಸುದ್ದಿ. ಶಿವಮೊಗ್ಗದಿಂದ ದಿನಾ ಅವರ ಜೊತೆ ಬಸ್ಸಿನಲ್ಲಿ ಓಡಾಡಿದವಳು ನಾನು. ಅವರ ದೆಸೆಯಿಂದ ಎಷ್ಟು ಬಸ್ಸು ತಪ್ಪಿದೆ ಎಂದು ನನಗೆ ಗೊತ್ತು. ಆದರೆ ಮೀನಿನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡಿದ್ದ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಹೆಂಗಸು ಭದ್ರಾ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಗಾಳ ಬೀಸುತ್ತಿದ್ದರು ಎಂಬುದನ್ನು ಸಭೆಯಲ್ಲಿ ಹೇಗೆ ಹೇಳುವುದೆಂದು ಎಲ್ಲರಿಗೂ ಸಂಕೋಚ. ನನಗೂ ಅಲ್ಲಿ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ನಾನು ಕನ್ನಡ ವಿಭಾಗದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಸ್ಸಿನಲ್ಲಿ ಅವರೇ ಪಕ್ಕದ ಸೀಟು ತಟ್ಟಿ “ಬಾ ಮಾರಾಯ್ತಿ, ನಿಂತ್ಕೊಂಡು ಕನ್ನಡಕ್ಕೇನೂ ಉಪಯೋಗ ಇಲ್ಲ” ಎಂದು ಕೂರಿಸಿಕೊಂಡರು. ಅಂದಿನಿಂದ ಆ ಸೀಟು ನನ್ನದಾಯಿತು. ಅವರ ಕೈ ಸುಮ್ಮನಿದ್ದದ್ದನ್ನು ನಾನು ನೋಡಲೇ ಇಲ್ಲ. ಹೆಬ್ಬೆರಳು, ತೋರುಬೆರಳು ಯಾವಾಗಲೂ ಏನನ್ನಾದರೂ ಹೊಸೆಯುತ್ತಲೇ ಇರುತ್ತಿದ್ದವು. ಮಲವಗೊಪ್ಪದ ಸ್ಟಾಪು ಬರುವಷ್ಟರಲ್ಲಿ ಬಸ್ ಟಿಕೆಟ್ಟು ಬತ್ತಿಯಾಗಿರುತ್ತಿತ್ತು. ಚೆಕಿಂಗಿನವರು ಹತ್ತಿದರೆ ಅದನ್ನು ಬಿಚ್ಚಿ, ತೊಡೆಯ ಮೇಲಿಟ್ಟು ಸವರಿ, ಮಗುವಿನ ತಲೆ ಬಾಚುವಂತೆ ನಿಧಾನವಾಗಿ ಮಟ್ಟ ಮಾಡಿ ಕೊಡುತ್ತಿದ್ದರು. ಸ್ಟಾಫ್ ಮೀಟಿಂಗಿನಲ್ಲಿ ಉತ್ತರ ಪತ್ರಿಕೆ ಕಟ್ಟುವ ಬಿಳಿ ದಾರ ಸಿಕ್ಕಿದರಂತೂ ಪ್ರಿನ್ಸಿಪಾಲರ ಭಾಷಣ ಮುಗಿಯುವುದರೊಳಗೆ ಒಂದು ಚಂದದ ಹುರಿ ತಯಾರು. ಒಮ್ಮೆ ಪ್ರಿನ್ಸಿಪಾಲರು ತಾಳ್ಮೆಗೆಟ್ಟು, “ಮೇಡಂ, ನಾನು ಹೇಳ್ತಿರೋದು ಕೇಳಿಸ್ತಾ ಇದೆಯಾ?” ಎಂದರು. “ಕೇಳಿಸ್ತಾ ಇದೆ ಸರ್. ನೀವು ಮುಗಿಸೋದು ಇನ್ನೂ ಇಷ್ಟಿದೆ” ಎಂದು ಇವರು ಹೊಸೆಯದೆ ಉಳಿದಿದ್ದ ದಾರದ ಚೂರನ್ನು ಎತ್ತಿ ತೋರಿಸಿದರು.

ಮದುವೆಯಾಗಿರಲಿಲ್ಲ. ಯಾರಾದರೂ ಯಾಕೆ ಎಂದು ಕೇಳಿದರೆ, “ಲ್ಯಾಬ್ ತೊಳೆಸಿ ಬೀಗ ಹಾಕೋವಷ್ಟ್ರಲ್ಲಿ ಲೇಟಾಗೋಯ್ತು” ಎಂದು ನಗುತ್ತಿದ್ದರು. ಆಲ್ಕೊಳದಲ್ಲಿ ಚಿಕ್ಕದೊಂದು ಮನೆ ಕಟ್ಟಿಸಿಕೊಂಡಿದ್ದರು. ಅಣ್ಣನ ಮನೆ ಸವಳಂಗ ರಸ್ತೆಯಲ್ಲಿ. ಸಂಜೆ ವಾಕಿಂಗ್ ಹೊರಟರೆ ಮುಟ್ಟುವಷ್ಟೇ ದೂರ.

ಮೀನಿನ ಹುಚ್ಚು ಹತ್ತಿದ್ದು ನನ್ನ ಕಣ್ಣೆದುರಿಗೇ. ಎನ್ನೆಸ್ಸೆಸ್ ಕ್ಯಾಂಪಿಗೆಂದು ಹುಡುಗಿಯರನ್ನು ಕರೆದುಕೊಂಡು ನಾವಿಬ್ಬರೂ ಭದ್ರಾ ಅಣೆಕಟ್ಟೆಯ ಕೆಳಗಿನ ಒಂದು ಹಳ್ಳಿಗೆ ಹೋಗಿದ್ದೆವು. ಹೊಳೆಯ ದಂಡೆಯಲ್ಲಿ ಬಾಳೆಹೊನ್ನೂರು ಕಡೆಯ ಕಾಫಿ ತೋಟದ ವಯಸ್ಸಾದ ಯಜಮಾನರೊಬ್ಬರು ಇಲಾಖೆಯ ಪರವಾನಗಿ ಪಡೆದು ಗಾಳ ಹಾಕುತ್ತಿದ್ದರು. ಎರೆಹುಳು ಸಿಕ್ಕಿಸಿ ಕಾದು ಕೂರುವ ಗಾಳ ಅದಲ್ಲ. ಬಾರುಕೋಲು ಬೀಸಿದ ಹಾಗೆ ಉದ್ದನೆಯ ದಾರವನ್ನು ಹಿಂದಕ್ಕೆ ಬೀಸುತ್ತಿದ್ದರು; ಅದು ಗಾಳಿಯಲ್ಲಿ ಸುರುಳಿ ಬಿಚ್ಚಿಕೊಂಡು, ತಲೆಯ ಮೇಲಿಂದ ಹಾದು, ಹೊಳೆಯ ನಡುವೆ ಹೋಗಿ ಮಲಗುತ್ತಿತ್ತು. ತುದಿಯಲ್ಲಿ ಪುಕ್ಕ ಸುತ್ತಿದ ಪುಟ್ಟ ಕೊಕ್ಕೆ. ನೋಡುವುದಕ್ಕೆ ನೊಣದ ಹಾಗೆ. ಮೀನು ಅದನ್ನು ನೊಣವೆಂದೇ ತಿಳಿದು ಮೇಲೆ ಬರಬೇಕು.

ಮೇಡಂ ಹುಡುಗಿಯರನ್ನು ಮರೆತು ಅಲ್ಲೇ ನಿಂತುಬಿಟ್ಟರು. “ಅಷ್ಟು ಜೋರಾಗಿ ಬೀಸಿದ್ರಲ್ಲ, ನೀರಿಗೆ ತಾಗಿದ್ದೇ ಗೊತ್ತಾಗ್ಲಿಲ್ವಲ್ರೀ!”

ಯಜಮಾನರಿಗೆ ಖುಷಿಯಾಯಿತು. “ಅದು ನನ್ನ ಕೈಚಳಕ ಅಲ್ಲಮ್ಮ, ಈ ದಾರದ್ದು” ಎಂದು ತೋರಿಸಿದರು. ಬೀಸುವ ದಾರ ದಪ್ಪ, ತುದಿಯ ನೊಣ ಹಗುರ. ಎರಡನ್ನೂ ನೇರವಾಗಿ ಕಟ್ಟಿದರೆ ನೊಣ ದೊಪ್ಪನೆ ಬಿದ್ದು ಮೀನು ಓಡಿಹೋಗುತ್ತದೆ. ಅದಕ್ಕೆ ನಡುವೆ ಇನ್ನೊಂದು ದಾರ ಬೇಕು. ಒಂದು ತುದಿ ದಪ್ಪ, ಬರುಬರುತ್ತಾ ಸಣ್ಣ. ಅದಕ್ಕೆ ಲೀಡರ್ ಎನ್ನುತ್ತಾರೆ. ಅವರ ಹತ್ತಿರ ಇದ್ದದ್ದು ನೂಲಿನೆಳೆಗಳನ್ನು ಹುರಿ ಹಾಕಿ ಮಾಡಿದ ಲೀಡರ್, ಹೊರದೇಶದಿಂದ ತರಿಸಿದ್ದು. ಹರಿದುಹೋಗಿದ್ದ ಹಳೆಯದೊಂದನ್ನು ಮೇಡಂ ಕೇಳಿ ಇಸಿದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಸೀರೆಯ ಸೇಫ್ಟಿ ಪಿನ್ನು ತೆಗೆದು ಆ ದಾರವನ್ನು ಎಳೆಯೆಳೆಯಾಗಿ ಬಿಡಿಸಲು ಕೂತರು. ಭದ್ರಾವತಿ ದಾಟಿದ್ದಿಲ್ಲ, ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೂಗಿದರು.

“ಇದು ನಮ್ಮಪ್ಪನ ಶಿವದಾರ ಕಣೇ!”

ಲಿಂಗದ ಕರಡಿಗೆಯನ್ನು ಕೊರಳಿಗೆ ತೂಗುಹಾಕಿಕೊಳ್ಳುವ ಹುರಿದಾರವೇ ಶಿವದಾರ. ಅವರ ತಂದೆ ಅದನ್ನು ಮನೆಯಲ್ಲೇ ಮಾಡಿ, ಕೇಳಿದವರಿಗೆಲ್ಲ ಕೊಡುತ್ತಿದ್ದರಂತೆ. ಸ್ನಾನ ಮಾಡಿ, ಮಡಿಯುಟ್ಟು, ಬೆಂಚಿನಷ್ಟು ಉದ್ದದ ಸಾಗುವಾನಿ ಹಲಗೆಯ ಮುಂದೆ ಕೂತು, ಅದರ ಗೂಟಗಳ ನಡುವೆ ನೂಲು ಓಡಿಸಿ ಹುರಿ ಹಾಕುತ್ತಿದ್ದರು. ಮಗಳು ಎದುರಿಗೆ ಕೂತು ತುದಿ ಹಿಡಿಯುತ್ತಿದ್ದಳು. ಮೇಡಂ ಬೆರಳುಗಳಿಗೆ ಆ ಚಾಳಿ ಹತ್ತಿದ್ದು ಅಲ್ಲೇ ಇರಬೇಕು.

ಆ ಹಲಗೆ ಅಣ್ಣನ ಮನೆಯ ಅಟ್ಟದಲ್ಲಿತ್ತು. ಮರುವಾರವೇ ಮೇಡಂ ಅತ್ತಿಗೆಯನ್ನು ಕೇಳಿ ಅದನ್ನು ಆಲ್ಕೊಳಕ್ಕೆ ತಂದರು. ಶಿವದಾರ ಉದ್ದಕ್ಕೂ ಒಂದೇ ದಪ್ಪ. ಇದು ಸಣ್ಣಗಾಗುತ್ತ ಹೋಗಬೇಕು. ಅದಕ್ಕೆ ಮೇಡಂ ಹಲಗೆಯಲ್ಲಿ ಹೊಸ ತೂತು ಕೊರೆದು ಹೊಸ ಗೂಟ ನೆಟ್ಟರು. ಕಡೆಯ ಗೂಟದವರೆಗೆ ಹೋಗುವ ಎಳೆಗಳು ಕೆಲವೇ ಕೆಲವು. ಅರ್ಧಕ್ಕೆ, ಮುಕ್ಕಾಲಿಗೆ ನಿಂತು ಹಿಂದಿರುಗುವ ಎಳೆಗಳೇ ಜಾಸ್ತಿ. ಹೀಗೆ ಒಂದು ತುದಿ ತಾನಾಗಿಯೇ ದಪ್ಪವಾಗುತ್ತದೆ. ಇಂಥ ಎರಡು ಜೊತೆ ಎಳೆ ಮಾಡಿಕೊಂಡು, ಒಂದೊಂದನ್ನೂ ಕೈ ಬೈರಿಗೆಯ ಮೂತಿಗೆ ಸಿಕ್ಕಿಸಿ ಬಿಗಿಯಾಗಿ ಒಂದೇ ದಿಕ್ಕಿಗೆ ತಿರುವಬೇಕು. ಆಮೇಲೆ ಎರಡರ ತುದಿಯನ್ನೂ ಸೇರಿಸಿ, ಉಲ್ಟಾ ದಿಕ್ಕಿಗೆ ಮೆಲ್ಲಗೆ ಬಿಡಬೇಕು. ಅಷ್ಟೇ. ಅವು ಒಂದರ ಮೇಲೊಂದು ಹೆಣೆದುಕೊಳ್ಳುತ್ತ ಹೋಗುವುದನ್ನು ನೋಡಲು ನನಗೆ ಇವತ್ತಿಗೂ ಆಸೆ.

ಅಪ್ಪನೆದುರು ಮಗಳು ಕೂರುತ್ತಿದ್ದ ಜಾಗದಲ್ಲಿ ಈಗ ನಾನು. ಭಾನುವಾರ ತಿಂಡಿ ತಿಂದು ಹೋದರೆ ತುದಿ ಹಿಡಿಯುವ ಕೆಲಸ ನನ್ನದು. ಮೊದಲನೆಯ ದಿನವೇ ಇನ್ನೇನು ಮುಗಿಯಬೇಕು ಅನ್ನುವಾಗ ನನಗೆ ಸೀನು ಬಂತು. ಕೈ ಸಡಿಲವಾಗಿ ಅಷ್ಟೂ ದಾರ ಹೆದರಿದ ಹಾವಿನಂತೆ ಸುತ್ತಿಕೊಂಡು ಗಂಟಾಯಿತು.

“ಹೋಯ್ತು! ಬೆಳಿಗ್ಗೆಯಿಂದ ಮಾಡಿದ್ದೆಲ್ಲ ನಿನ್ನ ಮೂಗಿಗೆ ಅರ್ಪಣೆ ಆಯ್ತು.”

“ಸಾರಿ ಮೇಡಂ. ಎಳೆದು ಸರಿಮಾಡೋಕಾಗಲ್ವಾ?”

“ಊಹೂಂ. ಎಳೆದ್ರೆ ಈಗೇನೋ ಸುಮ್ಮನಾಗುತ್ತೆ. ನೀರಿಗೆ ಬಿಟ್ಟಾಗ ಸೇಡು ತೀರಿಸ್ಕೊಳ್ಳುತ್ತೆ. ಬಿಚ್ಚು, ಮೊದಲಿಂದ ಮಾಡೋಣ.” ಬೈಗುಳವಿಲ್ಲ, ಬೇಸರವಿಲ್ಲ. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು. ಲೀಡರ್ ಎನ್ನುವ ಪದ ಅವರಿಗೆ ಹಿಡಿಸಿರಲಿಲ್ಲ. “ಕನ್ನಡದಲ್ಲಿ ಏನನ್ನಬಹುದು ಹೇಳು, ಸಂಬಳ ತಗೊಳಲ್ವಾ?” ಎಂದು ಪೀಡಿಸಿದರು. ಮುಂದೆ ಹೋಗುವ ದಾರ, ‘ಮುಂದಾರ’ ಎಂದೆ. ಬಾಯಲ್ಲಿ ಹಾಕಿಕೊಂಡು ಚಪ್ಪರಿಸಿ ನೋಡಿ ಒಪ್ಪಿದರು. ಆದರೆ ಹುಡುಗರ ಬಾಯಲ್ಲಿ ಅಷ್ಟರಲ್ಲಾಗಲೇ ಲೀಡರ್ ಮೇಡಂ ನೆಲೆಯೂರಿಬಿಟ್ಟಿತ್ತು.

ದಾರ ಬೀಸುವುದನ್ನು ಮೊಬೈಲಿನ ವಿಡಿಯೋ ನೋಡಿಯೇ ಕಲಿತರು. ಕ್ಲಾಸು ಶುರುವಾಗುವ ಮೊದಲು ಕಾಲೇಜಿನ ಮೈದಾನದಲ್ಲಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಭ್ಯಾಸ. ನೀರಿಲ್ಲದ ಕಡೆ ಗಾಳ ಬೀಸುವುದನ್ನು ನೋಡಲು ಕಾಂಪೌಂಡಿನ ಆಚೆ ಜನ ನಿಲ್ಲುತ್ತಿದ್ದರು. ಬಸ್ಸಿನಲ್ಲಿ ಕೋಲಿನ ಚೀಲ ನೋಡಿ ಕಂಡಕ್ಟರು, “ಹುಡುಗರಿಗೆ ಹೊಡಿಯಕ್ಕಾ ಮೇಡಂ?” ಎಂದು ಕೇಳಿದ. “ಇದ್ರಲ್ಲಿ ಹೊಡೆದ್ರೆ ಗಾಳಿಗೂ ನೋವಾಗಲ್ಲಪ್ಪ” ಎಂದರು. ಗಾಂಧಿ ಬಜಾರಿನಲ್ಲಿ ಟೈಲರ್‌ಗಳಿಗೆ ದಾರ ಮಾರುವ ಸಾಬರೊಬ್ಬರ ಅಂಗಡಿಯಿತ್ತು. ಮೇಡಂ ಅಲ್ಲಿ ಉಂಡೆ ಉಂಡೆ ರೇಷ್ಮೆ, ಪಾಲಿಯೆಸ್ಟರು ಬಿಚ್ಚಿಸಿ ಹಲ್ಲಿನಲ್ಲಿ ಕಚ್ಚಿ ನೋಡಿ, ಬೇಡವೆಂದು ಎದ್ದು ಬರುತ್ತಿದ್ದರು. ಅವರು ಮಾಡಿದ ಮುಂದಾರಗಳು ಆಮೇಲಾಮೇಲೆ ಎಲ್ಲೆಲ್ಲಿಗೋ ಹೋದವು. ಕೇಳಿದವರಿಗೆ ಜೇನುಮೇಣ ಸವರಿ, ಸುರುಳಿ ಸುತ್ತಿ ಕೊರಿಯರ್ ಮಾಡುತ್ತಿದ್ದರು. “ನಿಮ್ಮ ಹೊಳೆಯ ಒಂದು ಫೋಟೋ ಕಳಿಸಿ” ಎಂಬುದಷ್ಟೇ ಅವರ ಬೇಡಿಕೆ. ಹಿಮಾಲಯದ ತೊರೆಗಳೆಲ್ಲ ಅವರ ಫೋನಿನಲ್ಲಿದ್ದವು.

ಹೊಳೆಗೆ ಹೋದಾಗ ಸಿಕ್ಕ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ನೀರೊಳಗೇ ಬಿಟ್ಟುಬಿಡುತ್ತಿದ್ದರು. ಅದಕ್ಕೇ ಅವರಿಗೆ ತಾವು ಮಾಡುತ್ತಿರುವುದರಲ್ಲಿ ತಪ್ಪು ಕಂಡಿರಲಿಲ್ಲ.

ಯುಗಾದಿಯ ಮರುದಿನ ಅಣ್ಣ ಹಬ್ಬಕ್ಕೆಂದು ತಂಗಿಯನ್ನು ಮಾತಾಡಿಸಲು ಆಲ್ಕೊಳಕ್ಕೆ ಬಂದರು. ನಾನೂ ಅಲ್ಲಿದ್ದೆ. ಗಾಂಧಿ ಬಜಾರಿನಲ್ಲಿದ್ದ ತಮ್ಮ ಅಂಗಡಿಯನ್ನು ಮಕ್ಕಳ ಕೈಗೆ ಬಿಟ್ಟು, ಪೂಜೆ, ಪ್ರವಚನ ಎಂದು ಕಾಲ ಕಳೆಯುತ್ತಿದ್ದವರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಕೆಂಪಂಚಿನ ಟವೆಲು. ತಂಗಿಗೆ ಅರವತ್ತು ಹತ್ತಿರವಾದರೂ ಅವರ ಬಾಯಲ್ಲಿ ಅವಳು ಪುಟ್ಟಿ. ನಡುಮನೆಗೆ ಬಂದವರು ಹಲಗೆ ನೋಡಿ ಮುಖ ಅರಳಿಸಿದರು.

“ಅಪ್ಪನ ಹಲಗೆ! ಶಿವದಾರ ಮಾಡ್ತಿದ್ದೀಯಾ ಪುಟ್ಟಿ? ಹೇಳೇ ಇಲ್ವಲ್ಲ.” ಬಗ್ಗಿ ದಾರ ಮುಟ್ಟಿದರು. “ಹಸಿರು ದಾರ ಯಾಕೆ?”

ಮೇಡಂಗೆ ಸುಳ್ಳು ಬರುತ್ತಿರಲಿಲ್ಲ. “ಶಿವದಾರ ಅಲ್ಲಣ್ಣ. ಮೀನಿನ ಗಾಳಕ್ಕೆ.”

ಅಣ್ಣ ದಾರದಿಂದ ಕೈ ತೆಗೆದರು. ಬೆರಳನ್ನು ಹಲಗೆಯ ಉದ್ದಕ್ಕೂ ಸವರುತ್ತ ಬಂದು ಹೊಸ ತೂತುಗಳ ಹತ್ತಿರ ನಿಲ್ಲಿಸಿದರು.

“ತೂತು ಬೇರೆ ಕೊರೆದಿದ್ದೀಯ. ಅಪ್ಪ ಸ್ನಾನ ಮಾಡ್ದೆ ಇದರ ಮುಂದೆ ಕೂರ್ತಿರ್ಲಿಲ್ಲ.”

“ನಾನೂ ಸ್ನಾನ ಮಾಡೇ ಕೂರ್ತೀನಿ” ಎಂದರು ಮೇಡಂ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. “ಅಣ್ಣಾ, ನಾನು ಮೀನು ಕೊಲ್ಲಲ್ಲ. ಹಿಡಿದು ಬಿಟ್ಬಿಡ್ತೀನಿ.”

“ಬಾಯಿಗೆ ಮುಳ್ಳು ಚುಚ್ಚಿ ಆಮೇಲೆ ಬಿಡ್ತೀಯ. ಅದು ಕೊಲ್ಲೋದೋ ಅಲ್ವೋ, ಮೀನನ್ನ ಕೇಳು.”

ಕಾಫಿಯನ್ನೂ ಮುಟ್ಟದೆ, ಕಟ್ಟಿದ್ದ ದಾರವನ್ನು ಬಿಡಿಸಿ ಮೇಜಿನ ಮೇಲಿಟ್ಟು, ಹಲಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೊರಗೆ ಹೋದರು. ಆಟೋ ನಿಲ್ಲಿಸಿ ಅಡ್ಡಲಾಗಿ ತೂರಿಸಿದರು. ಹಲಗೆಯ ಒಂದು ತುದಿ ರಸ್ತೆಯ ಕಡೆಗೆ ಚಾಚಿಕೊಂಡಿತು. ಗೇಟಿನಲ್ಲಿ ನಿಂತಿದ್ದ ಮೇಡಂ ಕಣ್ಣು ಒರೆಸಿಕೊಳ್ಳುತ್ತಲೇ ಕೂಗಿದರು. “ಅಣ್ಣಾ, ತುದಿಗೆ ಏನಾದ್ರೂ ಬಟ್ಟೆ ಕಟ್ಟು. ಯಾರಿಗಾದ್ರೂ ತಾಗೀತು.” ಅಣ್ಣ ತಿರುಗಿ ನೋಡಲಿಲ್ಲ. ಆದರೆ ಹೆಗಲ ಮೇಲಿನ ಟವೆಲು ತೆಗೆದು ತುದಿಗೆ ಕಟ್ಟಿದರು.

ಆಮೇಲೆ ಅವರು ಆಲ್ಕೊಳಕ್ಕೆ ಬರುವುದನ್ನೇ ಬಿಟ್ಟರು. ಹಬ್ಬಕ್ಕೆ ಅತ್ತಿಗೆ ಹೋಳಿಗೆ ಕಳಿಸುತ್ತಿದ್ದರು. ಮೇಡಂ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗ ಎದುರಿಂದ ಅಣ್ಣ ಸ್ಕೂಟರಿನಲ್ಲಿ ಹೋದರೆ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಬಸ್ಸು ಹತ್ತಿದ ಮೇಲೆ, “ಸೊರಗಿದ್ದಾನೆ ಅಲ್ವಾ?” ಎಂದು ನನ್ನನ್ನು ಕೇಳುತ್ತಿದ್ದರು. ಬೇರೆ ಹಲಗೆ ಮಾಡಿಸಿಕೊಳ್ಳಿ ಎಂದರೆ ಕೇಳಲಿಲ್ಲ. ಕಾಲೇಜಿನಲ್ಲಿ ತುಕ್ಕು ಹಿಡಿದು ವಿಲೇವಾರಿಗೆ ಹಾಕಿದ್ದ ಬ್ಯೂರೆಟ್ ಸ್ಟ್ಯಾಂಡುಗಳನ್ನು ಕೇಳಿ ಪಡೆದು, ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಅವುಗಳ ನಡುವೆ ದಾರ ಓಡಿಸಿದರು. ಊಟ ನೆಲದ ಮೇಲಾಯಿತು. ನಿವೃತ್ತರಾದ ಮೇಲಂತೂ ಮೇಜು ಖಾಲಿಯಾದದ್ದೇ ಇಲ್ಲ.

ಒಂದು ಬೇಸಿಗೆ. ಅಣೆಕಟ್ಟೆಯ ಕೆಳಗೆ ಕಲ್ಲುಬಂಡೆಗಳ ನಡುವೆ ಭದ್ರೆ ಸಣ್ಣಗೆ ಹರಿಯುತ್ತಿದ್ದಳು. ಬೆಳಗಿನ ಬಸ್ಸಿಗೇ ಹೋಗಿದ್ದೆವು. ನಾನು ಬಂಡೆಯ ಮೇಲೆ ಟಿಫಿನ್ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಮೇಡಂ ಬೀಸಿದ ದಾರ ಮಡುವಿನ ಅಂಚಿಗೆ ಹೋಗಿ ಬಿತ್ತು. ನೀರು ಒಡೆಯಿತು. ಕೋಲು ಬಿಲ್ಲಿನಂತೆ ಬಗ್ಗಿತು.

“ಮಹಶೀರು ಕಣೇ!” ಎಂದು ಅವರು ಚೀರಿದ್ದು ಕೇಳಿ ನಾನೂ ಎದ್ದು ನಿಂತೆ. ದೇವಸ್ಥಾನದ ಮಡುಗಳಲ್ಲಿ ನಾವು ಮಂಡಕ್ಕಿ ಎಸೆಯುತ್ತೇವಲ್ಲ, ಅದೇ ದೇವರ ಮೀನು. ಅದು ಹೊಳೆಯ ಕೆಳಗೆ ಓಡಿತು, ಮೇಲೆ ಬಂತು, ಬಂಡೆಯ ಸಂದಿಗೆ ನುಗ್ಗಿತು. ಮೇಡಂ ಸೊಂಟದುದ್ದ ನೀರಿಗೆ ಇಳಿದು ಅದರ ಹಿಂದೆ ಹೋದರು. ಮುಂದಾರ ಎಲ್ಲೂ ಸಡಿಲವಾಗಲಿಲ್ಲ. ಎಷ್ಟು ಹೊತ್ತು ಹಾಗೆ ನಡೆಯಿತೋ. ಬಿಸಿಲು ನೆತ್ತಿಗೆ ಬಂದಿತ್ತು, ನೀರು ಬೆಚ್ಚಗಾಗಿತ್ತು. ಕಡೆಗೆ ಮೀನು ಅವರ ಕೈಗೆ ಬಂದಾಗ ಚಿನ್ನದ ಹರಿವಾಣದ ಹಾಗೆ ಹೊಳೆಯುತ್ತಿತ್ತು. ನಾನು ಫೋನು ತೆಗೆದೆ.

“ಫೋಟೋ ಬೇಡ” ಎಂದರು. ದನಿ ಬೇರೆಯಾಗಿತ್ತು.

ಕೊಕ್ಕೆ ಬಿಡಿಸಿ, ಮೀನನ್ನು ಎರಡೂ ಕೈಯಲ್ಲಿ ಹರಿವಿಗೆ ಎದುರಾಗಿ ಹಿಡಿದು ನಿಂತರು. ಅದು ಕಿವಿರು ಆಡಿಸಿತು, ನಿಲ್ಲಿಸಿತು. ಬಿಟ್ಟರೆ ಮಗ್ಗುಲಾಯಿತು. ಮತ್ತೆ ಎತ್ತಿ ಹಿಡಿದರು. ಮುಂದಕ್ಕೆ ದೂಡಿದರು, ಹಿಂದಕ್ಕೆ ಎಳೆದರು. “ಹೋಗು ಮಾರಾಯ, ಹೋಗಪ್ಪ” ಎಂದು ಅದರ ಜೊತೆ ಮಾತಾಡಿದರು. ನಾನು ಕರೆದದ್ದು ಅವರಿಗೆ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ, ಸ್ವಲ್ಪ ಕೆಳಗೆ ಬಲೆ ತೊಳೆಯುತ್ತಿದ್ದ ಹೆಂಗಸೊಬ್ಬಳು ನೀರಿನಲ್ಲೇ ನಡೆದುಕೊಂಡು ಬಂದಳು. ಕಾರ್ಖಾನೆ ಕಾಲೊನಿ ಕಡೆಯವಳಿರಬೇಕು, ಮಾತಿನಲ್ಲಿ ತಮಿಳಿನ ಎಳೆತ.

“ಅಮ್ಮಾ, ಅದು ಹೋಗ್ಬಿಟ್ಟೈತೆ ಅಮ್ಮಾ. ಆವಾಗ್ಲೇ ಹೋಯ್ತು.”

ಮೇಡಂ ಅವಳ ಮುಖ ನೋಡಿದರು.

“ಕೊಡಿ ಇಲ್ಲಿ. ನೀವು ತಿನ್ನಲ್ಲ ಅಂತ ಕಾಣ್ತದೆ. ಸುಮ್ನೆ ಕೊಳೆಯೋದ್ಯಾಕೆ, ನಮ್ಮನೇಲಿ ಮಕ್ಳು ತಿಂತಾರೆ.”

ಮೇಡಂ ಎರಡೂ ಕೈ ಚಾಚಿ ಮೀನನ್ನು ಅವಳ ಕೈಗೆ ಕೊಟ್ಟರು. ಮಗುವನ್ನು ಕೊಡುವವರ ಹಾಗೆ, ತಲೆಯ ಕಡೆ ಜೋಪಾನ ಮಾಡಿ. ಆಮೇಲೆ ಅಲ್ಲೇ ಬಂಡೆಯ ಮೇಲೆ ಕುಸಿದು ಕೂತರು. ಅವರು ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಸ್ಸಿನಲ್ಲಿ ಒಂದೇ ಮಾತಾಡಿದರು.

“ಬೇರೆ ಯಾರದ್ದಾದ್ರೂ ದಾರ ಆಗಿದ್ರೆ ಹರೀತಿತ್ತು. ಅದು ಬದುಕ್ಕೊಳ್ತಿತ್ತು.”

ಮರುದಿನ ಬೆಳಿಗ್ಗೆಯೇ ಫೋನು. “ಅಣ್ಣನ ಮನೆಗೆ ಹೋಗ್ಬೇಕು. ನೀನೂ ಬಾ ಮಾರಾಯ್ತಿ, ಒಬ್ಬಳೇ ಹೋಗಕ್ಕೆ ಧೈರ್ಯ ಇಲ್ಲ.”

ಸವಳಂಗ ರಸ್ತೆಯ ಆ ಮನೆಯ ಜಗಲಿಯಲ್ಲಿ ಅಣ್ಣ ಪೇಪರು ಓದುತ್ತಿದ್ದರು. ತಂಗಿಯನ್ನು ನೋಡಿ ಕನ್ನಡಕ ತೆಗೆದರು. ಮೇಡಂ ಮೆಟ್ಟಿಲ ಮೇಲೇ ನಿಂತು, ಕ್ಲಾಸಿನಲ್ಲಿ ತಪ್ಪು ಒಪ್ಪಿಕೊಳ್ಳುವ ಹುಡುಗಿಯ ಹಾಗೆ ಹೇಳಿದರು.

“ಅಣ್ಣಾ, ನಿನ್ನೆ ನನ್ನ ಕೈಯಲ್ಲಿ ಒಂದು ಜೀವ ಹೋಯ್ತು. ದೇವರ ಮೀನು. ನೀನು ಹೇಳಿದ್ದೆ.”

‘ನಾನು ಹೇಳಿರಲಿಲ್ಲವೇ’ ಎಂಬ ಮಾತಿಗೆ ನಾನು ಕಾದೆ. ಅದು ಬರಲಿಲ್ಲ. ಅಣ್ಣ ತಂಗಿಯನ್ನೇ ನೋಡಿದರು. ಕಣ್ಣು ಊದಿತ್ತು, ಕೂದಲು ಬಾಚಿರಲಿಲ್ಲ.

“ನಿನ್ನೆಯಿಂದ ಏನಾದ್ರೂ ತಿಂದಿದ್ದೀಯಾ?”

“ಇಲ್ಲ.”

“ಏಯ್, ಪುಟ್ಟಿ ಬಂದಿದ್ದಾಳೆ, ರೊಟ್ಟಿ ಹಾಕು” ಎಂದು ಒಳಗೆ ಕೂಗಿದರು. ತಟ್ಟೆ ಬಂತು. ತಂಗಿ ತಿಂದು ಮುಗಿಸುವವರೆಗೂ ಎದುರಿಗೇ ಕೂತರು. ತಿಂದಾದ ಮೇಲೆ ಕೇಳಿದರು. “ಇನ್ನು ಬಿಡ್ತೀಯಾ?”

“ಕೊಕ್ಕೆ ಬಿಡ್ತೀನಿ. ದಾರ ಬಿಡಕ್ಕಾಗಲ್ಲ ಅಣ್ಣ. ಬೇರೆಯವರಿಗೆ ಗಾಳಕ್ಕೂ ಕೊಡಲ್ಲ. ಆದ್ರೆ ಹೊಸೀದೆ ಇರಕ್ಕಾಗಲ್ಲ, ಬೀಸ್ದೆ ಇರಕ್ಕೂ ಆಗಲ್ಲ. ಸುಳ್ಳು ಯಾಕೆ ಹೇಳ್ಲಿ?”

ಅಣ್ಣ ಬಹಳ ಹೊತ್ತು ಪೇಪರಿನ ಅಂಚು ಮಡಿಸುತ್ತ, ಬಿಡಿಸುತ್ತ ಕೂತರು. ಆಮೇಲೆ ಒಳಗೆ ಹೋಗಿ ಹಲಗೆಯನ್ನು ತಂದು ಗೋಡೆಗೆ ಒರಗಿಸಿದರು. ಧೂಳಿರಲಿಲ್ಲ, ಎಣ್ಣೆ ಹಚ್ಚಿ ಒರೆಸಿಟ್ಟಿದ್ದರು. ಹೊಸ ತೂತುಗಳನ್ನು ಮುಚ್ಚಿಸಿಯೂ ಇರಲಿಲ್ಲ.

“ನಾನೂ ಕೂತು ನೋಡ್ದೆ. ನಂಗೆ ಬರಲಿಲ್ಲ. ಎಲ್ಲ ಗಂಟಾಗ್ತದೆ” ಎಂದರು. ಅಪ್ಪನ ಹಾಗೆ ಶಿವದಾರ ಮಾಡಬೇಕೆಂದು ಅವರು ಇಷ್ಟು ವರ್ಷ ಒಳಗೊಳಗೇ ಪ್ರಯತ್ನಪಟ್ಟಿದ್ದರು ಎಂದು ಅತ್ತಿಗೆ ಆಮೇಲೆ ನಮಗೆ ಹೇಳಿದರು. ಆ ದಿನದಿಂದ ಮೇಡಂ ಹಲಗೆಯ ಹಳೆಯ ಗೂಟಗಳಲ್ಲಿ ಶಿವದಾರ ಮಾಡಿ ಅಣ್ಣನಿಗೆ ಕೊಟ್ಟರು, ಅವರು ಅದನ್ನು ಕೇಳಿದವರಿಗೆ ಹಂಚಿದರು. ಹೊಸ ಗೂಟಗಳಲ್ಲಿ ಮುಂದಾರ. ಅಣ್ಣ ಅದರ ಸುದ್ದಿಗೆ ಹೋಗಲಿಲ್ಲ.

ಪುಕ್ಕದ ನೊಣಗಳ ಕೊಕ್ಕೆಯನ್ನು ಮೇಡಂ ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ಹಾಕಿದರು. ಉಳಿದದ್ದು ಬರೀ ಕಡ್ಡಿ, ಅದಕ್ಕೆ ಪುಕ್ಕ. ಮೀನು ಬರುತ್ತದೆ, ಕಚ್ಚುತ್ತದೆ, ಒಂದು ಸಲ ಎಳೆಯುತ್ತದೆ, ಉಗಿದು ಹೋಗುತ್ತದೆ. “ಕೊಕ್ಕೆ ಇಲ್ದೆ ಮೀನು ಹಿಡಿಯೋರು” ಎಂದು ಭದ್ರಾವತಿಯ ಮೀನು ಮಾರ್ಕೆಟ್ಟಿನಲ್ಲಿ ಅವರನ್ನು ನಗೆಯಾಡುತ್ತಿದ್ದರಂತೆ. “ಫೋನ್ ಮಾಡಿ ಹಲೋ ಅಂದು ಇಟ್ಟ ಹಂಗೆ ಕಣೇ. ಇದ್ದಾರೆ ಅಂತ ಗೊತ್ತಾದ್ರೆ ಸಾಕಲ್ವಾ?” ಎನ್ನುತ್ತಿದ್ದರು.

ಕಳೆದ ವರ್ಷ ಅವರಿಗೆ ಎದೆನೋವು ಬಂತು. ಒಬ್ಬರೇ ಎಲ್ಲಿಗೂ ಹೋಗಬೇಡಿ ಎಂದು ಡಾಕ್ಟರು ಹೇಳಿದರು. ನನಗೆ ಪರೀಕ್ಷೆಯ ಕೆಲಸ. ಹಾಗಾಗಿ ಹೊಳೆಗೆ ಹೊರಟಾಗ ಅಣ್ಣನೇ ಜೊತೆಗೆ ಹೊರಡತೊಡಗಿದ್ದರು. ಮಳೆಗಾಲ ಮುಗಿದು ನೀರು ತಿಳಿಯಾದ ಒಂದು ಭಾನುವಾರ ನಾನೂ ಹೋದೆ. ಅದೇ ಕಡೆಯ ಸಲವಾಯಿತು.

ಅಣ್ಣ ಬಂಡೆಯ ಮೇಲೆ ಟವೆಲು ಹಾಸಿ, ಛತ್ರಿ ಬಿಡಿಸಿ, ಹೊಳೆಗೆ ಬೆನ್ನು ಹಾಕಿ ಕೂತರು. “ನಾನು ಅದನ್ನೆಲ್ಲ ನೋಡಕ್ಕೆ ಬಂದಿಲ್ಲ. ಇವಳು ಬೀಳದಂಗೆ ಕಾಯಕ್ಕೆ ಬಂದಿದ್ದೀನಿ” ಎಂದು ನನಗೆ ಹೇಳಿದರು. ಬೆನ್ನು ಹಾಕಿ ಕೂತು ಹೇಗೆ ಕಾಯುತ್ತೀರಿ ಎಂದು ನಾನು ಕೇಳಲಿಲ್ಲ. ಮೇಡಂ ಮೊಣಕಾಲುದ್ದ ನೀರಿನಲ್ಲಿ ನಿಂತು ದಾರ ಬೀಸಿದರು. ಅದು ತಲೆಯ ಮೇಲೆ ಬಿಚ್ಚಿಕೊಂಡು ಹೋಗಿ ನೀರಿನ ಮೇಲೆ ಮಲಗಿತು. ಅಣ್ಣ ಛತ್ರಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದರು, ಸ್ವಲ್ಪ ತಿರುಗಿದರು. ಮತ್ತೊಮ್ಮೆ ಬೀಸಿದಾಗ ಇನ್ನೂ ಸ್ವಲ್ಪ ತಿರುಗಿದರು. ನಾನು ಡಬ್ಬಿ ತೆಗೆದು ಚಿತ್ರಾನ್ನ ಕೊಟ್ಟೆ. ಕೈಯಲ್ಲಿ ಹಿಡಿದರು, ಬಾಯಿಗೆ ಹೋಗಲಿಲ್ಲ.

ಮಡುವಿನ ಆಚೆ ಬದಿಯಲ್ಲಿ ನೀರು ಉಬ್ಬಿತು. ಬಂಗಾರದ ಬಣ್ಣದ ಬೆನ್ನೊಂದು ಮೇಲೆದ್ದು ಹೊರಳಿತು. ಕೋಲು ಒಮ್ಮೆ ಬಗ್ಗಿ, ಮರುಕ್ಷಣವೇ ನೆಟ್ಟಗಾಯಿತು. ಮೇಡಂ ನಮ್ಮ ಕಡೆ ತಿರುಗಿ ಖಾಲಿ ಕೈ ಎತ್ತಿ ನಕ್ಕರು.

ನನ್ನ ಪಕ್ಕದಲ್ಲಿ ಅಣ್ಣ ಇರಲಿಲ್ಲ. ಛತ್ರಿ ಬಂಡೆಯಿಂದ ಉರುಳುತ್ತಿತ್ತು, ಚಿತ್ರಾನ್ನ ಚೆಲ್ಲಿತ್ತು. ಅವರು ಪಂಚೆ ಒದ್ದೆಯಾಗಿದ್ದನ್ನೂ ಲೆಕ್ಕಿಸದೆ ಪಾದ ಮುಳುಗುವ ನೀರಿನಲ್ಲಿ ನಿಂತು, ಕೈ ಚಾಚಿ ಮಡುವಿನ ಕಡೆ ತೋರಿಸುತ್ತ ಹೊಳೆಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು.

“ನಗ್ತಾ ನಿಂತ್ಕೋಬೇಡ ಪುಟ್ಟಿ! ಇನ್ನೊಂದ್ಸಲ ಹಾಕೇ, ಆ ಕಲ್ಲಿನ ಪಕ್ಕಕ್ಕೆ ಹಾಕು, ಅಲ್ಲೇ ಇದೆ ಅದು!”